ಕಾಗದಕ್ಕೆ ಮಣ್ಣು ಕೊಟ್ಟದ್ದು

ಚೌಡಾಪುರದ ಶಾಂತಲಿಂಗಪ್ಪನಿಗೆ ಯಾರೋ ಪುಣ್ಯಾತ್ಮರು ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿದ ಲಗ್ನಪತ್ರಿಕೆಯೊಂದನ್ನು ಕಳಿಸಿದ್ದರು. ನಮ್ಮ ಗ್ರಹಚಾರ ಶುರುವಾದದ್ದು ಅಲ್ಲಿಂದ. ಆತ ಅದನ್ನು ಗೋಡೆಯ ಗೂಡಿನಲ್ಲಿಟ್ಟುಕೊಂಡು, ಬಂದವರಿಗೆಲ್ಲ ತೆಗೆದು ತೋರಿಸಿ, ಕಾಗದವಿಲ್ಲದ ಲಗ್ನ ಲಗ್ನವೇ ಅಲ್ಲ ಎನ್ನತೊಡಗಿದ. ಆತನ ಲಗ್ನ ಯಾವ ಕಾಗದದ ಮೇಲೆ ಆಗಿತ್ತೋ ನಾನು ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ. ಆತನ ಮಗ ಕಲ್ಯಾಣಪ್ಪನಿಗೆ ನಮ್ಮ ಶಿವಕಾಂತಾಳನ್ನು ಕೊಡುವುದೆಂದು ಆಗಲೇ ಸಕ್ಕರೆ ಹಂಚಿ ಆಗಿತ್ತು.

ಶಿವಕಾಂತಾ ನನ್ನ ಅಣ್ಣ ಅಂಬಾರಾಯನ ಮಗಳು. ತಾಯಿ ಬೇಗ ಹೋದಳು. ಗೊಬ್ಬೂರಿನ ಮನೆಯಲ್ಲಿ ಅವಳನ್ನು ಸಾಕಿದವಳು ನಾನು, ಗುರುಬಾಯಿ. ಅವಳಿಗೆ ಎರಡು ಸಂಬಂಧ ಬಂದು ಮುರಿದಿದ್ದವು. ಒಂದು, ಹಲ್ಲಿ ನುಡಿಯಿತೆಂದು. ಇನ್ನೊಂದು, ಮಾತುಕತೆಯ ದಿನವೇ ಗಂಡಿನವರ ಎಮ್ಮೆ ಸತ್ತಿತೆಂದು. ಎಮ್ಮೆ ಮುದಿಯಾಗಿತ್ತು ನೋಡ್ರಿ, ಅದಕ್ಕೂ ನಮ್ಮ ಹುಡುಗಿಯ ಕಾಲ್ಗುಣಕ್ಕೂ ಏನು ಸಂಬಂಧ! ಮೂರನೆಯವನಾಗಿ ಬಂದವನು ಕಲ್ಯಾಣಪ್ಪ. ಹಿರಿಯರೆಲ್ಲ ಕೂತು ಶಿವಕಾಂತಾಳನ್ನು ನಡೆಸಿ ನೋಡಿದರು, ಓದಿಸಿ ನೋಡಿದರು. ಆಗ ಈ ಹುಡುಗ ಎದ್ದು, "ನಾನೂ ಒಂದ್ಸಲ ನಡದ್ ತೋರಸ್ಲೇನ್ರಿ?" ಎಂದು ಕೇಳಿ ಅಪ್ಪನಿಂದ ಬೈಸಿಕೊಂಡ. ಅವರು ಹೋದ ಮೇಲೆ ಶಿವಕಾಂತಾ ಒಲೆಯ ಮುಂದೆ ನನ್ನ ಸೆರಗು ಹಿಡಿದು ಹೇಳಿದಳು.

"ಅತ್ತಿ, ಆದ್ರ ಇವನ್ನ ಆಗ್ತೇನಿ. ಇದೂ ಮುರದ್ರ ನನಗ ಮತ್ತ ಯಾರನ್ನೂ ತೋರಸಬ್ಯಾಡ್ರಿ."

ಅವಳು ಸುಮ್ಮನೆ ಆಡುವ ಹುಡುಗಿಯಲ್ಲ.

ಅದು ದೊಡ್ಡ ಯುದ್ಧದ ಕಾಲ. ಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಕಾಗದವಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಅಂಗಡಿಯವನು ಬೆಲ್ಲವನ್ನು ಮುತ್ತಲ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದ. ಅಣ್ಣ ಕಲಬುರಗಿಗೆ ಹೋಗಿ ಅಚ್ಚಿನ ಮನೆಯವನ ಕೈಕಾಲು ಹಿಡಿದರೆ ಅವನು, "ಕಾಗದ ನೀವ್ ತರ್ರಿ, ಅಕ್ಷರ ನಾ ಕೊಡ್ತೇನಿ" ಎಂದನಂತೆ. ಇತ್ತ ಶಾಂತಲಿಂಗಪ್ಪನ ಮಾತು ಒಂದೇ: ಲಗ್ನ ನನ್ನ ಅಂಗಳದಲ್ಲಿ, ಪತ್ರಿಕೆ ನಿಮ್ಮ ಕಡೆಯಿಂದ, ಊರಿನ ಪ್ರತಿ ಮನೆಗೂ ಒಂದೊಂದು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದವರು ಕಾಗದ ಮಾಡಿ ನೋಡು ಅಂದಿರಲಿಲ್ಲ. ಅದು ನನ್ನ ಪಾಲಿಗೆ ಬಂತು.

ಕಾಗದದ ವಿದ್ಯೆ ನಮಗೆ ಅರ್ಧ ಗೊತ್ತೇ ಇತ್ತು. ರದ್ದಿ ಕಾಗದವನ್ನು ಮೆಂತ್ಯದ ಜೊತೆ ನೆನೆಸಿ, ರುಬ್ಬಿ, ಬಿದಿರಿನ ಬುಟ್ಟಿಗೆ ಬಳಿಯುವುದು ನಮ್ಮ ಕಡೆಯ ಹೆಂಗಸರಿಗೆಲ್ಲ ಬರುತ್ತದೆ. ಬುಟ್ಟಿಗೆ ಬಳಿಯುವುದನ್ನೇ ತೆಳ್ಳಗೆ ಹರಡಿದರೆ ಕಾಗದ ಯಾಕಾಗಬಾರದು? ಜೋಳದ ರೊಟ್ಟಿಯನ್ನು ಬೆಳಕು ಕಾಣುವಷ್ಟು ತೆಳ್ಳಗೆ ಬಡಿಯುವ ಕೈ ನನ್ನದು. ಅಣ್ಣನಿಗೆ ಹೇಳಿದೆ: ರದ್ದಿ ತಾ, ಮುಂದಿನದು ನಾನು ನೋಡಿಕೊಳ್ಳುತ್ತೇನೆ.

ಅಣ್ಣ ಒಂದು ಗೋಣಿಚೀಲದ ತುಂಬ ಚೂರು ಕಾಗದ ತಂದು ಸುರಿದ. ಎಲ್ಲಿಂದ ತಂದೆ ಎಂದರೆ "ಹೊರಗಿಂದ" ಎಂದ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾತಿಯವನು ಅವನು. ನಾನು ಹೆಚ್ಚು ಕೆದಕಲಿಲ್ಲ. ನೆನೆಸಿದೆ, ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿದೆ, ಮೆಂತ್ಯದ ಹಿಟ್ಟು ಸೇರಿಸಿ ಹಂಡೆಯ ನೀರಿನಲ್ಲಿ ಅಂಬಲಿಯ ಹಾಗೆ ಕದಡಿದೆ. ಹಿಟ್ಟು ಸೋಸುವ ಒಡೆದ ಸಾಣಿಗೆಯ ಚೌಕಟ್ಟಿಗೆ ಹಳೆಯ ಸೀರೆಯ ತುಂಡು ಬಿಗಿದು, ಅದನ್ನು ಹಂಡೆಯಲ್ಲಿ ಮುಳುಗಿಸಿ ಎತ್ತಿದರೆ ನೀರು ಸೋರಿ ಮೇಲೆ ಒಂದು ಪದರ ಉಳಿಯುತ್ತಿತ್ತು. ಅದನ್ನು ಕಂಬಳಿಯ ಮೇಲೆ ಮಗುಚಿ, ಬೀಸುಕಲ್ಲು ಹೇರಿ, ಆಮೇಲೆ ಗೋಡೆಗೆ ಹಚ್ಚಿ ಒಣಗಿಸಬೇಕು. ಮೊದಲನೆಯದು ರೊಟ್ಟಿಯಷ್ಟು ದಪ್ಪವಾಯಿತು. ಎರಡನೆಯದನ್ನು ಪಕ್ಕದ ಮನೆಯ ಆಡು ಮೆಂತ್ಯದ ವಾಸನೆಗೆ ಬಂದು ತಿಂದು ಹೋಯಿತು. ಮೂರನೆಯದು ಕಾಗದವಾಯಿತು! ಖರೇ ಹೇಳುತ್ತೇನೆ, ಅದನ್ನು ಗೋಡೆಯಿಂದ ಬಿಡಿಸಿ ಕೈಯಲ್ಲಿ ಹಿಡಿದಾಗ ನನಗೆ ಮಗ ಹುಟ್ಟಿದಷ್ಟು ಸಂತೋಷವಾಯಿತು. ಮನೆಯ ಗೋಡೆ ತುಂಬ ಕಾಗದ ಮಾಡಿದೆ. ಶಿವಕಾಂತಾ ಮಠದಲ್ಲಿ ಅಕ್ಷರ ಕಲಿತಿದ್ದಳು; ತನ್ನ ಲಗ್ನಪತ್ರಿಕೆಯನ್ನು ತಾನೇ ಬರೆದಳು. ಕಲ್ಯಾಣಪ್ಪನ ಹೆಸರು ಬಂದಲ್ಲೆಲ್ಲ ಅಕ್ಷರ ಸ್ವಲ್ಪ ದೊಡ್ಡದಾಗಿರುತ್ತಿತ್ತು.

ಬರುವ ಸೋಮವಾರ ಲಗ್ನ ಎನ್ನುವಾಗ ನಾನೂ ಅಣ್ಣನೂ ಪತ್ರಿಕೆಗಳ ಗಂಟನ್ನು ಗಾಡಿಯಲ್ಲಿಟ್ಟುಕೊಂಡು ಚೌಡಾಪುರಕ್ಕೆ ಹೋದೆವು. ಶಾಂತಲಿಂಗಪ್ಪ ಕಟ್ಟೆಯ ಮೇಲೆ ಕೂತು ಒಂದನ್ನು ಮುಟ್ಟಿ ನೋಡಿದ, ಮೂಸಿ ನೋಡಿದ, "ಭಾಳ ಛಲೋ ಆಗ್ಯದ ನೋಡ್ರಿ ಬೀಗರ" ಎಂದು ಬಿಸಿಲಿಗೆ ಹಿಡಿದ. ಹಿಡಿದ ಕೈ ಹಾಗೇ ನಿಂತಿತು.

ಸರಿಯಾಗಿ ಅರೆಯದೆ ಉಳಿದ ಒಂದು ಚೂರು ಕಾಗದದ ಒಳಗಿನಿಂದ ಕಾಣುತ್ತಿತ್ತು. ಅದರ ಮೇಲೆ ಯಾರದೋ ಹಳೆಯ ಕೈಬರಹ, ನೀರಿಗೆ ಅಳಿಯದ ಪೆನ್ಸಿಲಿನದು. ಶಿವಕಾಂತಾ ಬರೆದ 'ಚಿ. ಕಲ್ಯಾಣಪ್ಪ' ಎಂಬ ಹೆಸರಿನ ಮಗ್ಗುಲಲ್ಲೇ ಅದು ಕೂತಿತ್ತು: 'ಲಿಂಗೈಕ್ಯರಾದರು.'

ಶಾಂತಲಿಂಗಪ್ಪ ಇನ್ನೊಂದನ್ನು ಬಿಸಿಲಿಗೆ ಹಿಡಿದ. 'ಸ್ವರ್ಗಸ್ಥ.' ಮತ್ತೊಂದರಲ್ಲಿ 'ಹತ್ತನೇ ದಿನದ ಕಾರ್ಯ'. ನಾನು ಅಣ್ಣನ ಕಡೆ ತಿರುಗಿದೆ.

"ಎಲ್ಲಿಂದ ತಂದಿದ್ದಿ ಅಣ್ಣಾ?"

"ಊರ ಅಗಸಿ ಬಾಗಲ ಮುಂದಿನ ಬೇವಿನ ಗಿಡದ ಬುಡದಾಗಿಂದ" ಎಂದ, ನೆಲ ನೋಡುತ್ತ.

ಸತ್ತ ಸುದ್ದಿಯ ಕಾರ್ಡನ್ನು ನಮ್ಮಲ್ಲಿ ಯಾರೂ ಮನೆಯೊಳಗೆ ಒಯ್ಯುವುದಿಲ್ಲ. ಹೊರಗೇ ಓದಿ, ಅಲ್ಲೇ ಹರಿದು ಒಗೆಯುತ್ತಾರೆ. ನಮ್ಮೂರಲ್ಲಿ ಒಗೆಯುತ್ತಿದ್ದದ್ದು ಆ ಬೇವಿನ ಬುಡಕ್ಕೆ. ಇಡೀ ತಾಲೂಕಿನಲ್ಲಿ ಕಾಗದ ಇದ್ದದ್ದು ಅಲ್ಲಿ ಮಾತ್ರ. ನಮ್ಮಣ್ಣ ಊರಿನ ಹತ್ತು ವರ್ಷದ ಸಾವನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ತಂದಿದ್ದ, ನಾನು ಅದನ್ನು ಮೆಂತ್ಯ ಹಾಕಿ ಕುಟ್ಟಿದ್ದೆ.

"ಹರದ್ ಮ್ಯಾಲ ಕಾಗದ ಕಾಗದಾನ ಅಲ್ಲೇನ್ರಿ?" ಎಂದ ಅಣ್ಣ.

ಈಗ ಶಾಂತಲಿಂಗಪ್ಪನ ಸಂಕಟ ನೋಡಬೇಕಿತ್ತು. ಆತ ಶರಣರ ಮಾತನ್ನು ಊರಿಗೆಲ್ಲ ಹೇಳುವ ಮನುಷ್ಯ. ನಮ್ಮ ಮತದಲ್ಲಿ ಸೂತಕವಿಲ್ಲ, ಸತ್ತರೆ ಮೈಲಿಗೆಯಿಲ್ಲ, ಅದನ್ನು ನಂಬುವವನು ಮೂಢ ಎಂದು ಅದೇ ಕಟ್ಟೆಯ ಮೇಲೆ ಕೂತು ದಿನಾ ಹೇಳುತ್ತಿದ್ದ. ಈಗ ಸೂತಕ ಎನ್ನುವ ಹಾಗಿಲ್ಲ, ಆ ಪತ್ರಿಕೆಯನ್ನು ಹೊಸ್ತಿಲು ದಾಟಿಸುವ ಧೈರ್ಯವೂ ಇಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಬೆವರು ಒರೆಸಿಕೊಂಡು ಆತ ಒಂದು ದಾರಿ ಕಂಡುಕೊಂಡ.

"ನಮಗ ಸೂತಕ ಇಲ್ಲ. ಅದು ಖರೇನ. ಆದ್ರ ಈ ಕಾಗದದ ಮತ ಯಾವುದು?"

"ಕಾಗದಕ್ಕ ಎಂಥಾ ಮತ ರೀ ಬೀಗರ?" ಎಂದೆ.

"ಹಂಗಲ್ಲ ಬಾಯವ್ವ. ಇದರಾಗ ಸ್ವರ್ಗಸ್ಥ ಅಂತ ಅದ. ಸ್ವರ್ಗಕ್ಕ ಹೋಗವರು ನಮ್ಮವರಲ್ಲ, ಅವರಿಗೆ ಸೂತಕ ಅದ. ಎಲ್ಲಾರೂ ಕೂಡಿ ಕಾಗದ ಆಗ್ಯಾರ. ಇದರಾಗ ನಮ್ಮವರೆಷ್ಟು, ಅವರೆಷ್ಟು, ಹ್ಯಾಂಗ ಬ್ಯಾರೆ ಮಾಡ್ತಿ?"

ಮಠಪತಿ ರಾಚಯ್ಯನನ್ನು ಕರೆಸಿದರು. ಆತ ಗಡ್ಡ ತುರಿಸಿಕೊಂಡು, ಯಾವ ಜಾತಿಯವರೇ ಬರಲಿ ದೀಕ್ಷೆ ಕೊಟ್ಟ ಮೇಲೆ ಹಿಂದಿನದು ಉಳಿಯುವುದಿಲ್ಲ, ಕಾಗದಕ್ಕೂ ದೀಕ್ಷೆ ಕೊಟ್ಟರಾಯಿತು ಎಂದ. ನನಗೆ ನಗು ಬಂತು. ಶಿವಕಾಂತಾಳ ಮುಖ ನೆನಪಾಗಿ ತಡೆದುಕೊಂಡೆ. ಹೇಗೋ ದಾರಿಯಾದರೆ ಸಾಕಾಗಿತ್ತು. ಮೊದಲು ವಿಭೂತಿ ಹಚ್ಚಬೇಕು. ಕಾಗದದ ಹಣೆ ಯಾವುದು ಎಂಬುದಕ್ಕೆ ಒಂದಿಷ್ಟು ಹೊತ್ತು ಚರ್ಚೆಯಾಗಿ, 'ಶ್ರೀ' ಬರೆದ ಕಡೆ ಹಣೆ ಎಂದಾಯಿತು; ಅಲ್ಲಿ ಹಚ್ಚಿದರು. ಆಮೇಲೆ ರಾಚಯ್ಯ, ಮೈ ತೊಳೆಯದೆ ದೀಕ್ಷೆ ಹೇಗೆ, ಮೊದಲು ಜಳಕ ಆಗಲಿ ಎಂದ.

"ಬ್ಯಾಡ್ರಿ ಅಯ್ಯನೋರ, ನೀರ್ ಹಾಕಬ್ಯಾಡ್ರಿ!" ಎಂದು ನಾನು ಕೂಗುವುದರೊಳಗೆ ಶಾಂತಲಿಂಗಪ್ಪ ಭಕ್ತಿಯಿಂದ ಗಂಟನ್ನು ದೊಡ್ಡ ತಟ್ಟೆಯಂಥ ಪರಾತದಲ್ಲಿಟ್ಟು ಒಂದು ಕೊಡ ನೀರು ಸುರಿದಿದ್ದ.

ಮೆಂತ್ಯದ ಅಂಟು, ಎಷ್ಟು ತಡೆದೀತು? ಎಲ್ಲ ಕರಗಿ, ಮಸಿಯೂ ಸೇರಿ, ಪರಾತದಲ್ಲಿ ಬೂದು ಬಣ್ಣದ ಮುದ್ದೆಯಾಯಿತು. ರಾಚಯ್ಯ ಅದನ್ನು ಬಗ್ಗಿ ನೋಡಿ ದೊಡ್ಡ ಉಸಿರು ಬಿಟ್ಟ.

"ವಿಭೂತಿ ಆದ ಮ್ಯಾಲ ಹೋಗ್ಯದ. ಹಂಗ ಚೆಲ್ಲಾಕ ಬರೂದಿಲ್ಲ. ಮಣ್ಣ ಕೊಡಬೇಕು."

ಕೊಟ್ಟರು ನೋಡ್ರಿ! ಶಾಂತಲಿಂಗಪ್ಪನ ಹೊಲದ ಬದುವಿನಲ್ಲಿ ಕುಣಿ ತೋಡಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುವುದು ಪದ್ಧತಿ. ಮುದ್ದೆ ಕೂರಲು ಒಲ್ಲದು, ಒಂದು ಮಗ್ಗುಲಿಗೆ ವಾಲುತ್ತದೆ. ಅಣ್ಣ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು ಕೂತ. ದಾರಿಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ಬಂದು ಸೇರಿದರು, ಪೇಟ ತೆಗೆದು ನಿಂತರು. ಸತ್ತವರು ಯಾರು ಎಂದು ಒಬ್ಬರು ಕೇಳಿದರೆ, ಹತ್ತಿರ ನಿಂತವರು ಬೀಗರ ಕಡೆಯವರು ಎಂದರು. ಒಬ್ಬ ಮುದುಕಿ ಅಣ್ಣನ ಬೆನ್ನು ಸವರಿದಳು.

"ವಯಸ್ಸೆಷ್ಟಾಗಿತ್ತಪ್ಪಾ?"

"ಒಂದು ವಾರ" ಎಂದ ಅಣ್ಣ.

"ಅಯ್ಯ ಶಿವನೇ, ಕೂಸು!" ಎಂದು ಆಕೆ ದನಿ ತೆಗೆದು ಅತ್ತಳು. ಅವಳನ್ನು ನೋಡಿ ಅಣ್ಣನೂ ಅತ್ತ.

ಮಣ್ಣು ಹಾಕಿದ ಮೇಲೆ ನೆಂಟರಿಗೆ ಸುದ್ದಿ ತಿಳಿಸಬೇಕು ಎಂದು ಯಾರೋ ಅಂದರು. ಕಾರ್ಡು ಬರೆಯಲು ಊರಲ್ಲಿ ಕಾಗದವಿರಲಿಲ್ಲ. ಅದಕ್ಕೆ ಸುದ್ದಿ ಅಲ್ಲಿಗೇ ನಿಂತಿತು. ಅವರ ಮನೆಗೆ ಮರಳಿದ ಮೇಲೆ ನಾನು ಕೈ ತೊಳೆದುಕೊಂಡು ಶಾಂತಲಿಂಗಪ್ಪನನ್ನು ಕೇಳಿದೆ.

"ಇಷ್ಟ ಆತಲ್ಲ ಬೀಗರ, ಸೋಮಾರದ ಲಗ್ನದ ಮಾತು?"

"ಮಣ್ಣ ಕೊಟ್ಟ ವರ್ಷ ಲಗ್ನ ಹ್ಯಾಂಗ ಮಾಡೂದು ಬಾಯವ್ವ? ಬರೂ ವರ್ಷ ನೋಡೂಣು."

"ಸೂತಕ ಇಲ್ಲಂತೀರಿ?"

"ಸೂತಕ ಇಲ್ಲ" ಎಂದ ಆತ, ಕಣ್ಣೊರೆಸಿಕೊಂಡು. "ದುಃಖ ಅದ."

ಅವನ ಪೇಟ ಕಿತ್ತು ಅದೇ ಕುಣಿಗೆ ಹಾಕಬೇಕೆನ್ನಿಸಿತು. ಬರುವ ವರ್ಷ ಎಂದರೆ ಮುರಿಯಿತು ಎಂದೇ ಅರ್ಥ. ಬರುವ ವರ್ಷಕ್ಕೆ ಇನ್ನೊಂದು ಹಲ್ಲಿ ಇರುತ್ತದೆ, ಇನ್ನೊಂದು ಎಮ್ಮೆ ಇರುತ್ತದೆ. ಕಲ್ಯಾಣಪ್ಪ ಬಾಗಿಲ ಹತ್ತಿರ ನಿಂತಿದ್ದ. ಅಪ್ಪನ ಮುಂದೆ ಬಾಯಿ ತೆರೆಯಲಾರದೆ ನನ್ನ ಮುಖವನ್ನೇ ನೋಡಿದ.

ಗೊಬ್ಬೂರಿಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಶಿವಕಾಂತಾ ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಅಣ್ಣ, ಭೂಸನೂರಿನ ಬೇವಿನ ಬುಡದಲ್ಲಿ ಒಂದಿಷ್ಟು ಚೂರು ಬಿದ್ದಿವೆ, ಮತ್ತೆ ಮಾಡೋಣ ಎಂದು ಶುರುಮಾಡಿದ. ನಾನು ಒನಕೆ ಎತ್ತಿದೆ, ಅವನ ಮೇಲೆ. ಶಿವಕಾಂತಾ ನಡುವೆ ಬಂದಳು.

"ಕಾಗದ ಸಾಕ್ರಿ ಅಪ್ಪಾ. ಕಾಗದ ಹರೀತಾರ, ನೆನಸ್ತಾರ, ಹೂಳ್ತಾರ. ನಾನ ಹೋಗಿ ಬಾಯಿಲೆ ಕರದ್ ಬರ್ತೇನಿ."

"ಏ ಹುಚ್ಚಿ, ಮದಿಮಗಳು ತನ್ನ ಲಗ್ನಕ್ಕ ತಾನ ಕರೀತಾಳೇನ ಬೇ? ಮಂದಿ ಏನಂದಾರು?" ಎಂದೆ ನಾನು.

"ಏನರ ಅಂತಾರ ಅತ್ತಿ. ಕೂಸಿಗೆ ಮಣ್ಣ ಕೊಟ್ರಂತ ಅತ್ತ ಮಂದಿ, ಲಗ್ನಕ್ಕ ಕರದ್ರ ಬರೂದಿಲ್ಲೇನು?"

ಮರುದಿನ ಕುಂಕುಮದ ಭರಣಿ ಹಿಡಿದು ನಾನೂ ಅವಳ ಹಿಂದೆ ಹೊರಟೆ. ಚೌಡಾಪುರದ ಮೊದಲ ಮನೆಯ ಮುಂದೆ ಅವಳ ದನಿ ನಡುಗಿತು. "ನಾ ಗೊಬ್ಬೂರ ಅಂಬಾರಾಯನ ಮಗಳ್ರಿ. ಸೋಮಾರ ಶಾಂತಲಿಂಗಪ್ಪನವರ ಅಂಗಳದಾಗ ನನ್ನ ಲಗ್ನ ಅದ. ತಪ್ಪಲಾರದ ಬರ್ರಿ." ಒಳಗಿದ್ದ ಹೆಂಗಸು ಕೈಯ ಹಿಟ್ಟು ಒರೆಸಿಕೊಳ್ಳುವುದನ್ನೂ ಮರೆತು ನಿಂತಳು. ಆಮೇಲೆ "ಬರ್ತೇವಿ ನಮ್ಮವ್ವ" ಎಂದಳು. ಎರಡನೆಯ ಮನೆಯಲ್ಲಿ ನಡುಕ ಇರಲಿಲ್ಲ. ಕೆಲವರು ನಕ್ಕರು, ಒಬ್ಬ ಮುದುಕ ಕಾಲ ಕೆಟ್ಟಿತು ಎಂದು ಉಗುಳಿದ, ಆದರೆ ಕುಂಕುಮ ಹಿಡಿದು ಬಂದವರಿಗೆ ಇಲ್ಲ ಎಂದವರು ಒಬ್ಬರೂ ಇಲ್ಲ. ಓಣಿ ಮುಗಿಯುವ ಹೊತ್ತಿಗೆ ನಮ್ಮ ಹಿಂದೆ ಅರ್ಧ ಊರಿತ್ತು.

ಕೊನೆಯ ಮನೆ ಶಾಂತಲಿಂಗಪ್ಪನದು. ಆತ ಕಟ್ಟೆಯಿಂದ ಎದ್ದು ನಿಂತ. ಶಿವಕಾಂತಾ ತಲೆಯ ಮೇಲೆ ಸೆರಗು ಹೊದ್ದು, ಬಗ್ಗಿ ನಮಸ್ಕಾರ ಮಾಡಿದಳು.

"ಮಾವನೋರ, ಸೋಮಾರ ನಿಮ್ಮ ಅಂಗಳದಾಗ ಲಗ್ನ ಅದ್ರಿ. ಎಲ್ಲಾರಿಗೂ ಹೇಳೇನಿ. ನಿಮ್ಮದೊಂದು ಮನಿ ಉಳದಿತ್ತು. ಮನಿ ಮಂದಿಯೆಲ್ಲ ಕೂಡಿ ಬರ್ರಿ."

ಮಗನ ಮದುವೆಗೆ ಅಪ್ಪನನ್ನು ಹೀಗೆ ಯಾರೂ ಕರೆದಿರಲಿಕ್ಕಿಲ್ಲ. ಆತ ಹಿಂದೆ ನಿಂತ ಜನರನ್ನು ನೋಡಿದ, ತನ್ನ ಅಂಗಳವನ್ನು ನೋಡಿದ. ಕಡೆಗೆ ಕೇಳಿದ್ದು ಇದನ್ನು.

"ಬಂದ್ರ... ನಾವು ಯಾರ ಕಡೀಲಿ ಕೂಡಬೇಕು ತಂಗಿ?"

"ಗಂಡಿನ ಕಡಿ ಕೂಡ್ರಿ ಮಾವನೋರ" ಎಂದಳು ಶಿವಕಾಂತಾ. ಆಗ ಮಾತ್ರ ಅವಳ ಕಣ್ಣು ತುಂಬಿತು. "ಆ ಕಡಿ ಇನ್ನೂ ಯಾರೂ ಬಂದಿಲ್ಲ."

ಕಲ್ಯಾಣಪ್ಪ ಹೊಸ್ತಿಲು ದಾಟಿ ಹೊರಗೆ ಬಂದ. ಕಟ್ಟೆ ಇಳಿದು, ಎಲ್ಲರೂ ನೋಡುತ್ತಿದ್ದಂತೆ ಅವಳ ಎದುರು ನಿಂತ.

"ನಾ ಬರ್ತೇನಿ" ಎಂದ. ಆಮೇಲೆ ತಿರುಗಿ, "ಅಪ್ಪಾ, ನೀವೂ ಬರ್ರಿ. ನಾ ಒಬ್ಬವನ ಹ್ಯಾಂಗ ಕೂಡ್ಲಿ?"

ನಾನು ಭರಣಿ ಎದೆಗೊತ್ತಿಕೊಂಡು, ನಾಚಿಕೆ ಬಿಟ್ಟು ಅಳುತ್ತಿದ್ದೆ. ಶಾಂತಲಿಂಗಪ್ಪ ಮಗನನ್ನು ನೋಡಿದ, ಸೊಸೆಯನ್ನು ನೋಡಿದ, ಗಂಟಲು ಸರಿಮಾಡಿಕೊಂಡು ಮನೆಯ ಒಳಕ್ಕೆ ಮುಖ ಮಾಡಿ ಹೆಂಡತಿಯನ್ನು ಕೂಗಿದ.

"ಏ ಇಕಿನ, ಹುಗ್ಗಿಗೆ ಗೋದಿ ಹಸನ ಮಾಡಬೇ. ಲಗ್ನಕ್ಕ ಕರದಾರ. ಹೋಗಬೇಕು."