ಕೆಳಗೇ ಬಂದು ನಿಲ್ಲುವ ಗುರುತು

“ಮತ್ತೆ ಅಲ್ಲಿಗೇ ಯಾಕೆ ಬಂದು ನಿಲ್ಲುತ್ತೆ ಇದು?” ಮೆಕ್ಯಾನಿಕ್ ಅಕ್ಕ ಯಾರಿಗೆಂದಿಲ್ಲದೆ ಕೇಳಿದಳು. ತಮ್ಮನ ಬೈಕಿನಿಂದ ಕಳಚಿ ತೂಕ ನೋಡುವ ಸ್ಟ್ಯಾಂಡಿಗೆ ಏರಿಸಿದ್ದ ಮುಂದಿನ ಚಕ್ರ ಮೆಲ್ಲಗೆ ತಿರುಗಿ, ಭಾರದ ಕಡೆ ಅವಳು ಹಾಕಿದ್ದ ಸೀಮೆಸುಣ್ಣದ ಗುರುತನ್ನು ಕೆಳಗೆ ತಂದು ನಿಂತಿತ್ತು. ಎದುರು ಬದಿಗೆ ಅಷ್ಟೊಂದು ಸೀಸದ ತುಂಡು ಅಂಟಿಸಿದರೂ ತೂಕ ಸಮನಾಗಿರಲಿಲ್ಲ. ಬೆರಳಾಡಿಸಿ ನೋಡಿದರೆ, ಗುರುತಿನ ಬಳಿ ಟೈರು ಪೆಟ್ಟು ತಿಂದ ಹಣೆಯಂತೆ ಉಬ್ಬಿತ್ತು.

“ಅಕ್ಕಾ, ಟೈರೊಳಗೆ ಆ ಸಣ್ಣ ಬ್ಯಾಲೆನ್ಸ್ ಮಣಿಗಳನ್ನ ಸುರಿದುಬಿಡು. ಓಡ್ತಾ ಓಡ್ತಾ ಅವೇ ತೂಕ ಸಮ ಮಾಡ್ತವೆ. ನಾಳೆ ಬೆಟ್ಟ ಹತ್ತಬೇಕು, ಗೆಳೆಯರೆಲ್ಲ ಕಾಯ್ತಿದ್ದಾರೆ.”

“ನಡುಕ ಅಡಗುತ್ತೆ ಕಣೋ, ಉಬ್ಬು ಅಡಗುತ್ತಾ? ಇಳಿಜಾರಲ್ಲಿ ಟೈರು ಒಡೆದರೆ?”

“ಬಿಡ್ತು ಅನ್ನು! ನಿನ್ನ ಕಾಲಿಗೆ ಬೀಳ್ತೀನಿ, ಚಕ್ರ ಹಾಕಿಕೊಡು.”

ಅವಳು ಚಕ್ರವನ್ನು ಎತ್ತಿ ಎದೆಗವಚಿಕೊಂಡಳು. “ಕಾಲಿಗೆ ಬೀಳೋದಿರಲಿ, ತಲೆಕೆಳಗಾಗಿ ನಿಂತರೂ ಹಾಕಿಕೊಡಲ್ಲ.”