ದೋಣಿಯಜ್ಜಿಗಾಗಿ ಅತ್ತವರು

ಶಟಲ್‌ಕಾಕ್ ಕಣ್ಣಿಗೆ ಬಡಿದು ಆಪರೇಷನ್ ಆದ ಮೇಲೆ ಡಾಕ್ಟರು ಹುಡುಗಿಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಮಾತು ಖಾರವೆಂದು ಮನೆಯವರೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಅವಳು ಜಪ ಮಾಡುತ್ತ ಕಾದಿದ್ದ ಮಾಯಾಲೋಕದ ಕಾದಂಬರಿ ಸರಣಿಯ ನಾಲ್ಕನೇ ಪುಸ್ತಕ ಅದೇ ವಾರ ಕೈಸೇರಿತ್ತು. ಅಪ್ಪ ಓದಿ ಹೇಳಲು ಕೂತರೆ ಪುಟ ತಿರುಗಿಸುವಷ್ಟರಲ್ಲಿ ತೂಕಡಿಸುತ್ತಿದ್ದ. ಇನ್ನುಳಿದವಳು ಚಿಕ್ಕಮ್ಮ, ಮೆಣಸಿನ ಅಮ್ಮ ತೀರಿಕೊಂಡ ಎಷ್ಟೋ ಕಾಲದ ಮೇಲೆ ಅಪ್ಪ ಮದುವೆಯಾದ ಬಸ್ ಕಂಡಕ್ಟರ್.

“ನೀವು ಓದೋದು ಬೇಡ,” ಎಂದಳು ಮೆಣಸು. “ಮೊದಲಿನ ಮೂರು ಓದಿಲ್ಲ ನೀವು. ತಲೆಬುಡ ಗೊತ್ತಾಗಲ್ಲ.”

“ಹಾಗಾದ್ರೆ ಮೊದಲನೇದು ಕೊಡು, ಓದ್ಕೊಂಡು ಬರ್ತೀನಿ.”

“ಅದು ಅಮ್ಮ ನಂಗೆ ಓದಿ ಹೇಳಿದ್ದು. ಕೊಡಲ್ಲ.”

ಚಿಕ್ಕಮ್ಮ ಒತ್ತಾಯ ಮಾಡಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, “ಆಯ್ತು, ನಾನು ಇಲ್ಲಿಂದ್ಲೇ ಹತ್ತುತ್ತೀನಿ. ಗೊತ್ತಾಗದಿದ್ರೆ ನಿನ್ನನ್ನೇ ಕೇಳ್ತೀನಿ,” ಎಂದು ಶುರುಮಾಡಿಯೇಬಿಟ್ಟಳು.

ಓದುವುದೋ, ಮುಂದಿನ ಸ್ಟಾಪು ಕೂಗುವುದೋ! ಮಂತ್ರವಾದಿಗೂ ಸೈನಿಕನಿಗೂ ಒಂದೇ ದನಿ. ಪುಟಕ್ಕೊಮ್ಮೆ ತಡೆದು ಪ್ರಶ್ನೆ ಬೇರೆ. “ಈ ರಾಜನಿಗೆ ನೆರಳು ಯಾಕಿಲ್ಲ?”

“ಅಯ್ಯೋ, ಮೊದಲನೇ ಪುಸ್ತಕದಲ್ಲೇ ಮಾರ್ಕೊಂಡ! ಅವನು ಮೂಗಿನಲ್ಲಿ ಮಾತಾಡಬೇಕು. ಅಮ್ಮ ಹಾಗೇ ಓದ್ತಿದ್ಳು.”

ಚಿಕ್ಕಮ್ಮ ಮೂಗು ಹಿಡಿದುಕೊಂಡು ಓದಿದಳು. ಮೆಣಸು ನಗು ತಡೆಯಲಾರದೆ ದಿಂಬು ಕಚ್ಚಿಕೊಂಡಳು.

ಒಂದು ಸಂಜೆ, ತುಂಬಿ ಹರಿಯುವ ಹೊಳೆಯಲ್ಲಿ ದೋಣಿಯಜ್ಜಿ ಒಂದು ಮಗುವನ್ನು ದಡ ಮುಟ್ಟಿಸಿ, ತಾನು ದೋಣಿಯ ಜೊತೆಗೇ ಕೊಚ್ಚಿಹೋಗುವ ಪುಟ ಬಂತು. ಓದು ನಿಂತುಹೋಯಿತು. ಮೂಗು ಸೇದುವ ಸದ್ದು.

“ಅಳ್ತಿದ್ದೀರಾ?” ಮೆಣಸು ಎದ್ದು ಕೂತಳು. “ಅಜ್ಜಿ ಯಾರು ಅಂತಲೇ ಗೊತ್ತಿಲ್ಲ ನಿಮಗೆ!”

“ಗೊತ್ತಿಲ್ಲಮ್ಮ, ಇವತ್ತೇ ನೋಡಿದ್ದು. ಆದ್ರೂ... ಆ ಮಗು ಅವಳಿಗೆ ಏನಾಗ್ಬೇಕು, ಹೇಳು?”

ಮೆಣಸು ಮೆಲ್ಲಗೆ ಹೇಳಿದಳು. “ಏನೂ ಆಗ್ಬೇಕಿಲ್ಲ. ಮೊದಲನೇ ಪುಸ್ತಕದಲ್ಲಿ ಆ ಮಗುವಿನ ಅಮ್ಮ ಅದೇ ದೋಣಿಯಿಂದ ಬಿದ್ದು ಮುಳುಗಿದ್ಳು. ಅಜ್ಜಿ ಕೈ ಚಾಚಿದ್ಳು, ಸಿಗಲಿಲ್ಲ.”

“ಅಯ್ಯೋ ದೇವರೇ,” ಎಂದ ಚಿಕ್ಕಮ್ಮನ ಅಳು ಇಮ್ಮಡಿಯಾಯಿತು. ಮೆಣಸೂ ಮೂಗು ಸೇದತೊಡಗಿದಳು.

“ನೀನು ಮಾತ್ರ ಅಳಬೇಡ, ಪಟ್ಟಿ ಒದ್ದೆಯಾಗುತ್ತೆ! ಡಾಕ್ಟರು ನನ್ನ ಗ್ರಹಚಾರ ಬಿಡಿಸ್ತಾರೆ.”

ಆ ಸಂಜೆ ಮುಂದೆ ಓದಲಿಲ್ಲ. ಮೊದಲನೇ ಪುಸ್ತಕದ ಕತೆಯನ್ನು ಮೆಣಸೇ ಹೇಳಿದಳು, ಅಮ್ಮ ಎಲ್ಲೆಲ್ಲಿ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದಳು ಎನ್ನುವುದನ್ನೂ ಸೇರಿಸಿ. ಚಿಕ್ಕಮ್ಮ ಹೂಂಗುಟ್ಟುತ್ತ ಕೇಳಿದಳು.

ಪಟ್ಟಿ ಬಿಚ್ಚಿದಾಗ ಕೊನೆಯ ಅಧ್ಯಾಯ ಉಳಿದಿತ್ತು. ಕಣ್ಣು ಇನ್ನೂ ಮಂಜುಮಂಜಾಗಿದ್ದರೂ ಅಕ್ಷರ ಕಾಣುತ್ತಿತ್ತು. ಡ್ಯೂಟಿ ಮುಗಿಸಿ ಬಂದ ಚಿಕ್ಕಮ್ಮ ಶೂ ಬಿಚ್ಚುತ್ತ ಕೇಳಿದಳು. “ಏನಾಯ್ತು ಕೊನೆಗೆ? ಓದಿ ಮುಗಿಸಿರ್ತೀಯ.”

“ಇಲ್ಲ,” ಎಂದಳು ಮೆಣಸು, ಸೋಫಾದಲ್ಲಿ ಜಾಗ ಬಿಡುತ್ತ. “ನೀನು ಬರ್ಲಿ ಅಂತ ಕಾಯ್ತಿದ್ದೆ.”