ದಪ್ಪ ಅಕ್ಷರದ ಭಯ

ಬೆಳಗಿನ ಪೇಪರು ಜಗುಲಿಯ ಮೇಲೆ ಬಿದ್ದ ಸದ್ದಾದರೆ ಸಾಕು, ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಜಯದೇವಿಯ ಕೈ ತಡೆಯುತ್ತಿತ್ತು. ಇವತ್ತು ಏನು ಬಂದಿದೆಯೋ, ನಮ್ಮ ಮನೆಗೆ ಏನು ಕಾದಿದೆಯೋ ಎಂದು ಅವಳು ಬಾಗಿಲಿಗೆ ಬಂದು ಗಂಡನ ಮುಖ ನೋಡುತ್ತಿದ್ದಳು.

ಗಂಡ ಸಿದ್ದಬಸಪ್ಪ ಬಿನ್ನಿಪೇಟೆಯ ಗಿರಣಿಯ ಆಫೀಸಿನಲ್ಲಿ ಗುಮಾಸ್ತ. ಸಾಧು ಮನುಷ್ಯ. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ. ಪೇಪರಿನ ತಲೆಬರಹ ಓದುವುದು, ಕೆಳಗೆ ಏನು ಬರೆದಿದೆ ಎಂದು ನೋಡುವ ಮೊದಲೇ ಎದ್ದು ಓಡುವುದು.

ಸೀಮೆಎಣ್ಣೆಗೆ ತತ್ವಾರ ಎಂದು ಒಮ್ಮೆ ಬಂತು. ಸಂಜೆಯ ಹೊತ್ತಿಗೆ ಮನೆಯ ಕೊಡ, ಬಿಂದಿಗೆ, ಕೊನೆಗೆ ಬಚ್ಚಲ ಹಂಡೆಯೂ ಸೀಮೆಎಣ್ಣೆಯಿಂದ ತುಂಬಿತ್ತು. ಆಮೇಲೆ ಎಷ್ಟೋ ದಿನ ಸ್ನಾನ ಮಾಡಿ ಬಂದವರೆಲ್ಲ ಲಾಂದ್ರದ ಹಾಗೆ ನಾರುತ್ತಿದ್ದರು. ಉಪ್ಪು ಸಿಗುವುದಿಲ್ಲ ಎಂದು ಬಂದಾಗ ಮೂಟೆ ಹೊತ್ತು ತಂದ. ಮಳೆಗಾಲದಲ್ಲಿ ಅದು ಕರಗಿ ನಡುಮನೆಯೆಲ್ಲ ಹಸಿ. ದೊಡ್ಡ ನೋಟು ರದ್ದಾಯಿತು ಎಂದು ಓದಿದ ದಿನವಂತೂ, ಸಾವಿರದ ನೋಟನ್ನು ಕಣ್ಣಾರೆ ಕಂಡಿರದ ಈ ಮನುಷ್ಯ ಪೆಟ್ಟಿಗೆಯಲ್ಲಿದ್ದ ನೂರರ ನೋಟುಗಳನ್ನೆಲ್ಲ ಕೊಟ್ಟು ತಾಮ್ರದ ಹಂಡೆಗಳನ್ನು ಕೊಂಡು ತಂದ. ಇಡಲು ಜಾಗವಿಲ್ಲದೆ ಒಂದು ಹಂಡೆಯಲ್ಲಿ ಮಗಳು ನೀಲಮ್ಮನ ಶಾಲೆಯ ಪುಸ್ತಕಗಳು, ಇನ್ನೊಂದರಲ್ಲಿ ಹಾಸಿಗೆ ಬಟ್ಟೆ.

“ಏನ್ ಜಯಮ್ಮಾ, ನಿಮ್ಮನೆಯೋರು ಇವತ್ತು ಏನ್ ಓದಿದ್ರು? ಹೇಳ್ಬಿಡಿ, ನಾವೂ ತಂದಿಟ್ಕೋತೀವಿ” ಎಂದು ಪಕ್ಕದ ಮನೆಯ ವಿಮಲಮ್ಮ ಕಾಂಪೌಂಡಿನ ಆಚೆಯಿಂದ ನಗುತ್ತಿದ್ದಳು. ಜಯದೇವಿಯೂ ನಗುತ್ತಿದ್ದಳು. ವಿಜಯನಗರದ ಆ ಬೀದಿಯಲ್ಲಿ ಎಲ್ಲರೂ ನಗುತ್ತಿದ್ದರು.

೧೯೭೯ರ ಜೂನ್ ಕೊನೆಯಲ್ಲಿ ಬಂದ ತಲೆಬರಹಕ್ಕೆ ಮಾತ್ರ ಯಾರಿಗೂ ನಗು ಬರಲಿಲ್ಲ. ಅಮೆರಿಕದವರು ಆಕಾಶಕ್ಕೆ ಹಾರಿಸಿದ್ದ ಸ್ಕೈಲ್ಯಾಬ್ ಎಂಬ ಮನೆಯಷ್ಟು ದೊಡ್ಡ ಯಂತ್ರ ಕೆಳಗೆ ಬೀಳಲಿದೆ. ಎಲ್ಲಿ ಬೀಳುತ್ತದೋ ಹೇಳಲಾಗದು. ಬೀದಿಯ ಕೆಲವರು ಸಾಕಿದ ಕೋಳಿಗಳನ್ನು ಕೊಯ್ದು ತಿಂದರು. ಕೆಲವರು ಗಂಟು ಕಟ್ಟಿಕೊಂಡು ಊರಿಗೆ ಹೊರಟರು, ಅಲ್ಲಿ ಬೇರೆ ಆಕಾಶ ಇದೆಯೋ ಎನ್ನುವ ಹಾಗೆ. ಸಿದ್ದಬಸಪ್ಪ ಅಂಗಡಿಗೆ ಓಡಲಿಲ್ಲ. ಮಂಕಾಗಿ ಕೂತ. ಆಮೇಲೆ ಒಂದು ಮಧ್ಯಾಹ್ನ ಹೆಂಡತಿಯನ್ನು ಕರೆದು ಹೇಳಿದ, “ಜಯಾ, ನೀಲಾ ಮದುವೆ ಮಾಡಿಬಿಡೋಣ.”

“ಏನಂದ್ರಿ?”

“ಒಂದು ಹುಡುಗಿ ಇದೆ. ಅದರ ಕುತ್ತಿಗೆಗೆ ತಾಳಿ ಬಿದ್ದಿದ್ದನ್ನಾದ್ರೂ ನೋಡಿ ಸಾಯೋಣ.”

ನೀಲಮ್ಮನಿಗೆ ಆಗಿನ್ನೂ ಹದಿನಾರು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ರಾಜಾಜಿನಗರದ ಕಾಲೇಜಿನಲ್ಲಿ ಪಿಯುಸಿ ಸೀಟು ಸಿಕ್ಕಿತ್ತು. ಸಿದ್ದಬಸಪ್ಪನ ದೊಡ್ಡಪ್ಪನ ಮಗ ಶಂಭುಲಿಂಗಪ್ಪ ಮರುದಿನವೇ ಸಂಬಂಧ ತಂದ. ಹುಡುಗ ತಿಪಟೂರಿನ ರೇವಣಸಿದ್ದಪ್ಪ, ಕೊಬ್ಬರಿ ಮಂಡಿ ಇದೆ. ಮೂವತ್ತಾರು ವರ್ಷ. ಹೆಂಡತಿ ತೀರಿಹೋಗಿದ್ದಾಳೆ, ಎರಡು ಮಕ್ಕಳು. ಬರುವ ಭಾನುವಾರ ಕೆಂಗೇರಿ ಹತ್ತಿರದ ಮಠದಲ್ಲಿ ಮದುವೆ.

ಪಂಚಾಂಗವನ್ನು ಎಂದೂ ಲೆಕ್ಕಿಸದ ಜಯದೇವಿ ಅದನ್ನೂ ಹಿಡಿದು ನೋಡಿದಳು. “ಇದು ಆಷಾಢ ಅಲ್ವೇನ್ರೀ? ಆಷಾಢದಲ್ಲಿ ಯಾರಾದ್ರೂ ಮದುವೆ ಮಾಡ್ತಾರಾ?”

“ಆಕಾಶವೇ ಬೀಳೋವಾಗ ಆಷಾಢ ಏನು, ಶ್ರಾವಣ ಏನು?”

“ಹದಿನೆಂಟು ತುಂಬಬೇಕು ಅಂತ ಕಾನೂನು ಬಂದಿದೆ. ನೀವೇ ಓದಿ ಹೇಳಿದ್ರಲ್ಲ.”

ಅದಕ್ಕೆ ಶಂಭುಲಿಂಗಪ್ಪನೇ ಉತ್ತರ ಕೊಟ್ಟ. “ಮಠದಲ್ಲಿ ಯಾರಮ್ಮ ವಯಸ್ಸು ಕೇಳ್ತಾರೆ? ಹುಡುಗ ಕೆಟ್ಟವನಲ್ಲ. ಆ ಮಕ್ಕಳಿಗೆ ತಾಯಿ ಬೇಕು, ನಿಮ್ಮ ಹುಡುಗಿಗೆ ಒಂದು ಆಸರೆ ಆಗುತ್ತೆ. ವರದಕ್ಷಿಣೆ ಅಂತ ಬಾಯಿಬಿಟ್ಟಿಲ್ಲ. ಈಗ ಬೇಡ ಅಂದ್ರೆ, ನಾಳೆ ಇಂಥವನು ಸಿಗ್ತಾನಾ? ನೀನೇ ಹೇಳು.”

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಜಯದೇವಿ ಮದುವೆ ಮಾಡಿಸಲಿದ್ದ ಅಯ್ಯನವರ ಮನೆಗೆ ಹೋಗಿ, ಇದನ್ನು ನಿಲ್ಲಿಸಿ ಎಂದು ಕೈಮುಗಿದಳು. ಒಪ್ಪಿಕೊಂಡಾಗಿದೆ ತಾಯಿ, ಈಗ ಹೇಗೆ ಬಿಡಲಿ ಎಂದರು. ವಿಮಲಮ್ಮನ ಹತ್ತಿರ ಹೋಗಿ ಅತ್ತಳು. ವಿಮಲಮ್ಮ ಈ ಸಲ ನಗಲಿಲ್ಲ. “ಗಂಡಸರು ನಿಶ್ಚಯ ಮಾಡಿದ್ಮೇಲೆ ನಾವೇನ್ ಮಾಡೋಕಾಗುತ್ತೆ ಜಯಮ್ಮ” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ರಸ್ತೆಯಲ್ಲಿ ನಡೆದು ಬರುವಾಗ ಜಯದೇವಿಗೆ ಯಾವ ಬಾಗಿಲು ತಟ್ಟಲಿ ಎಂದೇ ತೋಚಲಿಲ್ಲ.

ಗುರುವಾರ ಸಂಜೆ ನೀಲಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಾಯಿ ತಟ್ಟೆ ಹಿಡಿದು ಬಂದರೂ ತಿರುಗಲಿಲ್ಲ, ಮೇಲೆ ನೋಡುತ್ತಲೇ ಇದ್ದಳು.

“ಅಮ್ಮಾ, ಅದು ಬೀಳೋದು ಖಂಡಿತಾನಾ?”

“ಹೆದರಬೇಡ ಕಣೇ. ಏನೂ ಆಗಲ್ಲ.”

“ಹೆದರ್ತಾ ಇಲ್ಲಮ್ಮ. ಬೀಳೋದಾದ್ರೆ ಭಾನುವಾರಕ್ಕೆ ಮುಂಚೆನೇ ಬಿದ್ದುಬಿಡಲಿ.”

ಜಯದೇವಿ ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ಹೆತ್ತವಳ ಮುಂದೆ ಮಗು ಸಾವು ಬೇಡುತ್ತಿತ್ತು, ದನಿ ಸಹ ಏರಿಸದೆ.

ಶುಕ್ರವಾರ ಬೆಳಿಗ್ಗೆ ಪೇಪರು ಬಿದ್ದಾಗ ಗಂಡನಿಗಿಂತ ಮೊದಲು ಅವಳೇ ಎತ್ತಿಕೊಂಡಳು. ಅವನ ಎದುರು ನೆಲದ ಮೇಲೆ ಕೂತು, “ಓದ್ತೀನಿ, ಕೇಳಿ” ಎಂದಳು. ಮದುವೆಗೆಂದು ಅವಳನ್ನು ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ತಲೆಬರಹ ಬಿಟ್ಟು, ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ತಡವರಿಸುತ್ತ ಓದಿದಳು. ಭೂಮಿಯ ಬಹುಭಾಗ ಸಮುದ್ರ. ಯಂತ್ರದ ಎಷ್ಟೋ ಚೂರುಗಳು ಗಾಳಿಯಲ್ಲೇ ಉರಿದುಹೋಗುತ್ತವೆ. ಮನುಷ್ಯರಿಗೆ ತಗಲುವ ಸಂಭವ ತೀರ ಕಡಿಮೆ. ಜನ ಗಾಬರಿಯಾಗಬಾರದು.

“ಅದೆಲ್ಲ ಸಮಾಧಾನಕ್ಕೆ ಬರೀತಾರೆ” ಎಂದ ಸಿದ್ದಬಸಪ್ಪ. “ಒಂದು ಸಲ ನಂಬಲಿಲ್ಲ ಜಯಾ. ಒಂದೇ ಸಲ. ಏನಾಯ್ತು ಅಂತ ನಿನಗೆ ಗೊತ್ತಲ್ಲ.”

ಗೊತ್ತಿತ್ತು. ವಿಜಯನಗರಕ್ಕೆ ಬರುವ ಮೊದಲಿನ ಮಾತು ಅದು, ನಗುವ ನೆರೆಯವರಿಗೆ ಯಾರಿಗೂ ತಿಳಿಯದು. ಕುಡಿಯುವ ನೀರು ಕೆಟ್ಟಿದೆ, ಎಚ್ಚರ ಎಂದು ಆಗ ಪೇಪರಿನಲ್ಲಿ ಬಂದಿತ್ತು. ಪೇಪರ್ ಮಾರೋಕೆ ಏನೇನೋ ಬರೀತಾರೆ ಎಂದು ಸಿದ್ದಬಸಪ್ಪ ನಕ್ಕು ಮಡಚಿಟ್ಟಿದ್ದ. ಅದೇ ವಾರ ನಾಲ್ಕು ವರ್ಷದ ಮಗ ಪಂಚಾಕ್ಷರಿಗೆ ವಾಂತಿ ಭೇದಿ ಶುರುವಾಯಿತು. ಆಸ್ಪತ್ರೆಯ ದಾರಿಯಲ್ಲೇ, ತಂದೆಯ ತೊಡೆಯ ಮೇಲೆ, ಮಗು ಹೋಯಿತು. ಅಂದಿನಿಂದ ಸಿದ್ದಬಸಪ್ಪ ಯಾವ ತಲೆಬರಹವನ್ನೂ ನಂಬದೆ ಬಿಟ್ಟವನಲ್ಲ.

“ಅವತ್ತೂ ಕೆಳಗೆ ಬರೆದಿತ್ತು ಕಣ್ರೀ” ಎಂದಳು ಜಯದೇವಿ. ಇಷ್ಟು ವರ್ಷ ಹೇಳದೆ ನುಂಗಿಕೊಂಡಿದ್ದ ಮಾತು ಅದು. “ನೀರು ಕಾಯಿಸಿ ಕುಡೀರಿ ಅಂತ ಬರೆದಿತ್ತು. ಮಗೂನ ಮಣ್ಣು ಮಾಡಿ ಬಂದ್ಮೇಲೆ ನಾನು ಓದಿದೆ. ಅವತ್ತು ನಗ್ತಾ ಮಡಚಿದ್ರಿ, ಇವತ್ತು ಹೆದರಿಕೊಂಡು ಮಡಚ್ತಾ ಇದೀರಿ. ಎರಡು ಸಲಾನೂ ಪೂರ್ತಿ ಓದಲಿಲ್ಲ.”

ಸಿದ್ದಬಸಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ.

“ಒಂದು ಮಗು ಹೋಯ್ತು. ಇನ್ನೊಂದು, ಭಾನುವಾರಕ್ಕೆ ಮುಂಚೆ ಆಕಾಶ ಬಿದ್ದುಬಿಡಲಿ ಅಂತ ಹಿತ್ತಲಲ್ಲಿ ಕೂತಿದೆ. ಹೋಗಿ ಕೇಳಿ.”

ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಆಮೇಲೆ ಅಂಗಿ ಹಾಕಿಕೊಂಡು ಹೊರಟುಹೋದ. ಎಲ್ಲಿಗೆ ಹೋದನೋ ಎಂದು ಜಯದೇವಿ ಒಳಗೂ ಹೊರಗೂ ಓಡಾಡಿದಳು. ಊಟದ ಹೊತ್ತು ಮೀರಿದ ಮೇಲೆ ಬಂದ.

“ಶಂಭಣ್ಣನ ಮನೆಗೆ ಹೋಗಿದ್ದೆ. ಮದುವೆ ಬೇಡ ಅಂದೆ. ಬಾಯಿಗೆ ಬಂದ ಹಾಗೆ ಬೈದ. ಇನ್ನು ಈ ಕಡೆ ತಲೆ ಹಾಕಬೇಡ ಅಂದ.” ಅಂಗಿ ಕಳಚುತ್ತ, “ಹೆದರಿಕೆ ಹೋಗಿಲ್ಲ ಜಯಾ” ಎಂದ.

“ನನಗೂ ಹೋಗಿಲ್ಲ. ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ.”

ಜುಲೈ ಹನ್ನೊಂದು ಬುಧವಾರ. ಸ್ಕೈಲ್ಯಾಬ್ ಬೀಳುವುದು ಇವತ್ತೇ ಎಂದು ಊರೆಲ್ಲ ಹೇಳುತ್ತಿತ್ತು. ಬೀದಿಯಲ್ಲಿ ಎಷ್ಟೋ ಮಕ್ಕಳನ್ನು ಶಾಲೆಗೆ ಕಳಿಸಿರಲಿಲ್ಲ. ಸಿದ್ದಬಸಪ್ಪ ಆಫೀಸಿಗೆ ರಜೆ ಹಾಕಿ, ಮಗಳನ್ನು ಕಾಲೇಜಿಗೆ ಕಳಿಸಲು ಬಸ್ ಸ್ಟಾಪಿಗೆ ಕರೆತಂದ. ಬಸ್ಸು ಬರುವವರೆಗೂ ಮೇಲೆ ನೋಡುವುದು, ಮಗಳನ್ನು ನೋಡುವುದು, ಇಷ್ಟೇ. ಬಸ್ಸು ಬಂದಾಗ ನೀಲಮ್ಮ ಹತ್ತಿ ಕಿಟಕಿಯ ಪಕ್ಕ ಕೂತಳು.

“ಸಂಜೆ ಇಲ್ಲೇ ಇಳಿ. ನಾನು ಇರ್ತೀನಿ” ಎಂದ.

ಮಧ್ಯಾಹ್ನವಾದರೂ ಗಂಡ ಮನೆಗೆ ಬಾರದ್ದನ್ನು ಕಂಡು ಜಯದೇವಿ ಹುಡುಕಿಕೊಂಡು ಬಂದಳು. ಅವನು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹಾಗೇ ಕೂತಿದ್ದ, ಬೆವರು ಸುರಿಯುತ್ತಿತ್ತು. ಅವಳು ಮನೆಗೆ ಕರೆಯಲಿಲ್ಲ. ಬುತ್ತಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಅವನು ಎರಡು ತುತ್ತು ತಿಂದು ಉಳಿದದ್ದನ್ನು ಅವಳ ಕಡೆ ಸರಿಸಿದ.

ಬಿಸಿಲಿಳಿದ ಮೇಲೆ ಬಸ್ಸು ಬಂತು. ಇಳಿದ ಜನರ ನಡುವಿನಿಂದ ನೀಲಮ್ಮ ಪುಸ್ತಕಗಳನ್ನು ಎದೆಗೊತ್ತಿಕೊಂಡು ಬಂದಳು. ತಂದೆ ತಾಯಿ ಇಬ್ಬರನ್ನೂ ಕಂಡು ಬೆರಗಾಗಿ ನಿಂತಳು.

“ಅಪ್ಪಾ, ಬೆಳಿಗ್ಗೆಯಿಂದ ಇಲ್ಲೇ ಇದ್ರಾ?”

ಸಿದ್ದಬಸಪ್ಪ ಎದ್ದು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡ.

“ಹೊಟ್ಟೆ ಹಸಿದಿರುತ್ತೆ, ನಡಿ. ಇವತ್ತು ಏನೇನು ಪಾಠ ಮಾಡಿದ್ರು? ಹೇಳ್ತಾ ಬಾ, ಪೂರ್ತಿ ಹೇಳು.”